ಬೀರುವಿನೊಳಗೆ ಉಳಿದ ಮದುವೆ

ರೇಷ್ಮೆ ಸೀರೆಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಅನೇಕ ಮನೆಗಳ ಬೀರುವಿನಲ್ಲಿ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದು ಇಂದಿಗೂ ಇದೆ. ಮೇಲೆ ವಧೂವರರ ಹೆಸರು, ತಾರೀಖು, ಛತ್ರದ ವಿಳಾಸ. ಒಳಗೆ ಮೂರು ಗಂಟೆಯ ವಿ.ಎಚ್.ಎಸ್. ಕ್ಯಾಸೆಟ್. ಅದನ್ನು ತೋರಿಸಬೇಕಾದ ವಿ.ಸಿ.ಆರ್. ಮಾತ್ರ ಎಂದೋ ಗುಜರಿ ಸೇರಿದೆ.

ಜಪಾನಿನ ಜೆ.ವಿ.ಸಿ. ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದ ಈ ಕ್ಯಾಸೆಟ್, 1982ರಲ್ಲಿ ದೂರದರ್ಶನ ಬಣ್ಣ ಕಂಡ ನಂತರದ ವರ್ಷಗಳಲ್ಲಿ ನಮ್ಮ ಮದುವೆಮನೆಗಳಿಗೆ ಕಾಲಿಟ್ಟಿತು. ಕಣ್ಣು ಕುಕ್ಕುವ ದೀಪ, ವೈರು ಹಿಡಿದು ಕ್ಯಾಮೆರಾದವನ ಹಿಂದೆ ಓಡುವ ಹುಡುಗ, ಬೆಳಕು ಮುಖಕ್ಕೆ ಬಿದ್ದೊಡನೆ ತುತ್ತು ತಡೆದು ಗಂಭೀರವಾಗುವ ಪಂಕ್ತಿ! ಸ್ಟುಡಿಯೋದವರು ಅದನ್ನು ಹೃದಯದಾಕಾರದ ಚೌಕಟ್ಟಿನಲ್ಲಿ ಕೂರಿಸಿ, ಉದ್ದಕ್ಕೂ ಸಿನಿಮಾ ಹಾಡು ಹೊದೆಸಿ ಕೊಡುತ್ತಿದ್ದರು. ಅಂದು ಅದೇ ಚೆಂದವೆನಿಸಿತ್ತು. ಆದರೆ ಆ ಹಾಡಿನಡಿ ಓಲಗ ಮುಚ್ಚಿಹೋಯಿತು, ಅಜ್ಜಿ ಹೇಳಿದ ಆರತಿ ಹಾಡೂ ಮುಚ್ಚಿಹೋಯಿತು. ಸಿನಿಮಾ ಹಾಡು ಇಂದು ಎಲ್ಲಿ ಬೇಕಾದರೂ ಸಿಗುತ್ತದೆ. ಅಜ್ಜಿಯ ದನಿ ಸಿಗುವುದಿಲ್ಲ.

ಹಾಡು ಹೊದೆಸದ ಕ್ಯಾಸೆಟ್ ಉಳಿದಿದ್ದರೆ ಅದೂ ಸುರಕ್ಷಿತವೇನಲ್ಲ. ಅರ್ಧ ಅಂಗುಲ ಅಗಲದ, ಸುಮಾರು 250 ಮೀಟರ್ ಉದ್ದದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಾಂತೀಯ ಕಣಗಳನ್ನು ಒಂದು ಬಗೆಯ ಅಂಟು ಹಿಡಿದಿಟ್ಟಿರುತ್ತದೆ. ತೇವಾಂಶ ಸೇರಿದರೆ ಅಂಟು ಸಡಿಲಗೊಳ್ಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಬೇರೆ. ಸಾಮಾನ್ಯ ಕ್ಯಾಸೆಟ್‌ನಲ್ಲಿ ಧ್ವನಿ ದಾಖಲಾಗುವುದು ಪಟ್ಟಿಯ ಅಂಚಿನಲ್ಲಿ. ಅಂಚು ಸುಕ್ಕಾದರೆ ಚಿತ್ರ ಉಳಿದೂ ಮಾತು ಹೋಗಬಹುದು.

‘ಒಮ್ಮೆ ಹಾಕಿ ನೋಡೋಣ’ ಎಂಬ ಕುತೂಹಲವೇ ಇಲ್ಲಿ ಅಪಾಯ. ಕ್ಯಾಸೆಟ್‌ನ ಕಿಟಕಿಯಲ್ಲಿ, ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಹಾಗೇ ಓಡಿಸಿದರೆ ಪಟ್ಟಿ ಹರಿಯಬಹುದು, ಯಂತ್ರದ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್‌ಗೂ ತಗುಲೀತು. ಶುಚಿ ಮಾಡಬಲ್ಲವರ ಕೈಗೇ ಕೊಡಬೇಕು. ಚೆನ್ನಾಗಿರುವುದನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿಡಬೇಕು. ಸ್ಪೀಕರ್ ಪಕ್ಕದಲ್ಲಂತೂ ಬೇಡ.

ಇಟ್ಟು ಕಾಯುವುದರಲ್ಲೂ ಅರ್ಥವಿಲ್ಲ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯೆನಿಸಿದ್ದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಕೈಬಿಟ್ಟಿತು. ಉಳಿದ ಯಂತ್ರಗಳು ಸವೆಯುವ ಮೊದಲು ಕ್ಯಾಸೆಟ್‌ನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಏನನ್ನೂ ಕತ್ತರಿಸದೆ ಇಳಿಸಿಕೊಡಿ ಎಂದು ಹೇಳಬೇಕು. ಬೇಸರ ತರಿಸುವ ಉಡುಗೊರೆ ಸಾಲಿನಲ್ಲೇ ಇಡೀ ಬಂಧುಬಳಗ ಸಿಗುವುದು. ಡಿ.ವಿ.ಡಿ.ಯೊಂದನ್ನೇ ನಂಬಿ ಕೂರುವಂತಿಲ್ಲ, ಅದರ ಬಣ್ಣದ ಪದರವೂ ಕೆಡುತ್ತದೆ. ಎರಡು ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ ಪ್ರತಿ ಇರಲಿ, ಒಂದು ತಂಗಿಯ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ವಾಟ್ಸಾಪಿನಲ್ಲಿ ವಿಡಿಯೊ ಎಂದು ಹರಿದಾಡುವುದು ಕುಗ್ಗಿಸಿದ ರೂಪ, ಅದು ಮೂಲವಲ್ಲ.

ಈಗ ಮದುವೆ ಮಾಡುವವರಿಗೂ ಇದೇ ಮಾತು. ಡ್ರೋನ್, ನಿಧಾನಗತಿಯ ನಡಿಗೆ, ಐದು ನಿಮಿಷದ ಹೈಲೈಟ್ಸ್ ಎಲ್ಲ ಸೊಗಸೇ. ಆದರೆ ಮುಂಗಡ ಕೊಡುವಾಗಲೇ ಕತ್ತರಿಸದ ಮೂಲ ಚಿತ್ರೀಕರಣವನ್ನು ಮೂಲ ಧ್ವನಿಯೊಂದಿಗೆ ಕೊಡಬೇಕೆಂದು ಬರೆಸಿಕೊಳ್ಳುವುದು ಜಾಣತನ. ಸ್ಟುಡಿಯೋದವರು ಅದನ್ನು ಬಹುಕಾಲ ಇಟ್ಟುಕೊಂಡಿರುತ್ತಾರೆಂಬ ಖಾತ್ರಿಯಿಲ್ಲ.

ಹಳೆಯ ಕ್ಯಾಸೆಟ್‌ನ ಕೆಲಸ ಇಷ್ಟಕ್ಕೇ ಮುಗಿಯದು. ಪಂಕ್ತಿಯ ತುದಿಯಲ್ಲಿ ಪಾಯಸ ಬಡಿಸುತ್ತಿರುವ ಬಿಳಿ ಪಂಚೆಯವರು ಯಾರು, ವಧುವಿನ ಹಿಂದೆ ಕೊಡೆಯಂಥ ದೊಡ್ಡ ಮೊರ ಹಿಡಿದ ಹೆಂಗಸು ಯಾವ ಊರಿನವರು ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬಿಬ್ಬರೇ ಉಳಿದಿರುತ್ತಾರೆ. ಪ್ರತಿ ಕೈಗೆ ಬಂದ ವಾರದಲ್ಲೇ ಅವರನ್ನು ಟಿ.ವಿ. ಮುಂದೆ ಕೂರಿಸಿ, ನಿಲ್ಲಿಸಿ ನಿಲ್ಲಿಸಿ ತೋರಿಸುತ್ತ, ಹೆಸರುಗಳನ್ನು ಬರೆದುಕೊಳ್ಳಬೇಕು.