ಪದ್ಮಿನಿಯ ಪಾಲನೆ

ಇಟಲಿಯ ಫಿಯೆಟ್ 1100 ಮಾದರಿಯನ್ನು ಆಧರಿಸಿ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ತಯಾರಿಸುತ್ತಿದ್ದ ಪದ್ಮಿನಿ ಕಾರಿನ ಉತ್ಪಾದನೆ ಈ ಶತಮಾನದ ಆರಂಭದ ಹೊತ್ತಿಗೇ ನಿಂತಿತಾದರೂ, ಅದನ್ನು ಮನೆಯಲ್ಲಿಟ್ಟುಕೊಂಡು, ಆಗಾಗ ರಸ್ತೆಗಿಳಿಸುತ್ತ, ಸಣ್ಣಪುಟ್ಟ ದುರಸ್ತಿಯನ್ನು ಕೈಯಾರೆ ಮಾಡಿಕೊಳ್ಳುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಇವರು ಕಾಪಾಡುತ್ತಿರುವುದು ಒಂದು ವಾಹನವನ್ನಷ್ಟೇ ಅಲ್ಲ. ಕಿವಿಯಿಂದ ಕೇಳಿ, ಕೈಯಿಂದ ಮುಟ್ಟಿ ಎಂಜಿನ್ನಿನ ಸ್ಥಿತಿಯನ್ನು ಅರಿಯುವ, ಕಂಪ್ಯೂಟರ್ ಜೋಡಿಸಿ ದೋಷ ಪತ್ತೆಹಚ್ಚುವ ಇಂದಿನ ಸರ್ವಿಸ್ ಸೆಂಟರುಗಳಲ್ಲಿ ಮರೆಯಾಗುತ್ತಿರುವ ಒಂದು ಕುಶಲಕಲೆಯನ್ನೂ ಇವರು ಉಳಿಸಿಕೊಂಡಿದ್ದಾರೆ.

ಈ ಕಾರಿನ ಪೂರ್ವೇತಿಹಾಸಕ್ಕೆ ಮೈಸೂರಿನ ನಂಟಿದೆ. ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಸ್ಥಾಪನೆಯಾಗಬೇಕೆಂದು 1930ರ ದಶಕದಲ್ಲಿ ಯೋಜನೆ ರೂಪಿಸಿ, ಅದಕ್ಕಾಗಿ ವಿದೇಶಗಳ ಕಾರ್ಖಾನೆಗಳನ್ನೂ ನೋಡಿಬಂದ ಸರ್ ಎಂ. ವಿಶ್ವೇಶ್ವರಯ್ಯನವರು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿ ಶ್ರಮಿಸಿದರು. ಮೈಸೂರು ಸಂಸ್ಥಾನ ಆಸಕ್ತಿ ತೋರಿದರೂ ಬ್ರಿಟಿಷ್ ಆಡಳಿತದ ಒಪ್ಪಿಗೆ ದೊರೆಯದೆ ಆ ಯತ್ನ ಇಲ್ಲಿ ಕೈಗೂಡಲಿಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದ ಅದೇ ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಕಟ್ಟಿದರು. ಮೊದಲು ಅಮೆರಿಕದ ಕ್ರೈಸ್ಲರ್ ಕಾರುಗಳನ್ನು ಜೋಡಿಸುತ್ತಿದ್ದ ಸಂಸ್ಥೆ ಮುಂದೆ ಫಿಯೆಟ್ಟಿನೊಡನೆ ಒಪ್ಪಂದ ಮಾಡಿಕೊಂಡು, 1964ರಿಂದ ‘ಡಿಲೈಟ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಕಾರಿಗೆ ಎಪ್ಪತ್ತರ ದಶಕದಲ್ಲಿ ಪದ್ಮಿನಿಯೆಂದು ಹೆಸರಿಟ್ಟಿತು.

ಎಂಜಿನ್ನಿನ ರಚನೆ ಸರಳವಾದುದು. 68 ಮಿಲಿಮೀಟರ್ ಒಳವ್ಯಾಸದ ನಾಲ್ಕು ಸಿಲಿಂಡರುಗಳಲ್ಲಿ ಪಿಸ್ಟನ್ನುಗಳು 75 ಮಿಲಿಮೀಟರಿನಷ್ಟು ಮೇಲೆ ಕೆಳಗೆ ಚಲಿಸುವುದರಿಂದ ಒಟ್ಟು ಗಾತ್ರ 1089 ಸಿಸಿ ಆಗುತ್ತದೆ. ಬಾನೆಟ್ ಎತ್ತಿದರೆ ಬಹುತೇಕ ಎಲ್ಲ ಭಾಗಗಳೂ ಕಣ್ಣಿಗೆ ಕಾಣುತ್ತವೆ, ಕೈಗೆ ಎಟಕುತ್ತವೆ; ಹವ್ಯಾಸಿಗಳ ಸ್ವಾವಲಂಬನೆಯ ಮೂಲ ಇಲ್ಲಿಯೇ ಇದೆ. ಅವರು ಮೊದಲು ಕಲಿಯುವ ಕೆಲಸವೆಂದರೆ ಪಾಯಿಂಟ್ ಹೊಂದಿಸುವುದು. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಕೆಳಗಿರುವ ಎರಡು ಪುಟ್ಟ ಲೋಹದ ತುದಿಗಳಿಗೆ ಪಾಯಿಂಟ್ ಎನ್ನುತ್ತಾರೆ. ಅವು ಬೇರೆಯಾದ ಕ್ಷಣದಲ್ಲಿ ಕಾಯಿಲ್‌ನಲ್ಲಿ ಹರಿಯುತ್ತಿದ್ದ ವಿದ್ಯುತ್ತು ತಟ್ಟನೆ ಕಡಿದುಹೋಗಿ, ಅದರ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ತೆರೆದಾಗ ಈ ತುದಿಗಳ ನಡುವಿನ ಅಂತರ ಸುಮಾರು 0.4ರಿಂದ 0.5 ಮಿಲಿಮೀಟರ್ ಇರಬೇಕಾದುದರಿಂದ, ಫೀಲರ್ ಗೇಜ್ ಎಂಬ ತೆಳು ತಗಡಿನ ಅಳತೆಪಟ್ಟಿಯನ್ನು ನಡುವೆ ತೂರಿಸಿ, ಅದು ತುಸುವೇ ಬಿಗಿಯಾಗಿ ಜಾರುವಂತೆ ತಿರುಪು ಬಿಗಿಯಲಾಗುತ್ತದೆ. ಎಷ್ಟು ಬಿಗಿ ಎಂಬುದನ್ನು ಪುಸ್ತಕ ಹೇಳಲಾರದು, ಬೆರಳೇ ಕಲಿಯಬೇಕು.

ಕಾರ್ಬ್ಯುರೇಟರ್, ಅಂದರೆ ಪೆಟ್ರೋಲನ್ನು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಸುವ ಸಾಧನ, ಇನ್ನೂ ಹೆಚ್ಚಿನ ತಾಳ್ಮೆಯನ್ನು ಬೇಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲಿಂಗಿನ ವೇಗವನ್ನು ಒಂದು ತಿರುಪಿನಿಂದಲೂ ಮಿಶ್ರಣವನ್ನು ಮತ್ತೊಂದರಿಂದಲೂ ಹೊಂದಿಸುತ್ತ, ಸದ್ದು ಒಂದೇ ಸಮನಾಗುವವರೆಗೆ ಕಿವಿಗೊಟ್ಟು ಕಾಯಬೇಕು. ಆಮೇಲೆ ಕೆಲವು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿದರೆ ಕೆಲಸದ ಗುಣ ತಿಳಿಯುತ್ತದೆ: ಅದರ ತುದಿ ತಿಳಿಕಂದು ಬಣ್ಣದ್ದಾಗಿದ್ದರೆ ಮಿಶ್ರಣ ಸರಿಯಿದೆ, ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಬಿಳಿಚಿದ್ದರೆ ಕಡಿಮೆಯಾಗಿದೆ. ಇಷ್ಟೊಂದು ಪ್ರಾಮಾಣಿಕವಾಗಿ ತನ್ನ ಸ್ಥಿತಿಯನ್ನು ತಾನೇ ತೋರಿಸಿಕೊಡುವ ಯಂತ್ರದ ಮೇಲೆ ಅದರ ಒಡೆಯರಿಗೆ ಮಮತೆ ಬೆಳೆಯುವುದು ಸಹಜವೇ ಆಗಿದೆ.

ಬೇಸಿಗೆಯ ದಟ್ಟಣೆಯಲ್ಲಿ ಎಂಜಿನ್ನಿನ ಶಾಖಕ್ಕೆ ಪೆಟ್ರೋಲ್ ಕೊಳವೆಯೊಳಗೇ ಆವಿಯಾಗಿ ಹರಿವು ನಿಲ್ಲುವುದುಂಟು. ಆಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿ ತಣಿಸುವ ಹಳೆಯ ಚಾಲಕರ ಉಪಾಯ ಇಂದಿಗೂ ನೆರವಾಗುತ್ತದೆ. ಇದಕ್ಕಿಂತ ಗಂಭೀರವಾದುದು ಎಥೆನಾಲ್ ಬೆರೆತ ಪೆಟ್ರೋಲಿನ ಪ್ರಶ್ನೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರಿನ ಪೈಪುಗಳೂ ಪಂಪಿನ ಡಯಾಫ್ರಾಮೂ ಬೇಗನೆ ಸಡಿಲಗೊಳ್ಳುತ್ತವೆ. ಆದ್ದರಿಂದ ಹೊಸ ಇಂಧನವನ್ನು ತಾಳಿಕೊಳ್ಳುವ ಪೈಪುಗಳನ್ನು ಹಾಕಿಸಿ, ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿಯದಂತೆ ಓಡಿಸುತ್ತಿರುವುದೇ ತಕ್ಕ ಪರಿಹಾರ. ಬ್ರೇಕ್ ಸಿಲಿಂಡರುಗಳು ಅಂಟಿಕೊಳ್ಳದಿರಲು, ಬ್ಯಾಟರಿ ಬರಿದಾಗದಿರಲು ಕೂಡ ಓಡಾಟವೇ ಬೇಕು.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಹವ್ಯಾಸಿಗಳು ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಗುಜರಿಗಳನ್ನೂ ಜಾಲಾಡುತ್ತಾರೆ. ಅಲ್ಲಿ ದೊರೆಯದ ಬುಷ್, ಪಿನ್‌ಗಳನ್ನು ಲೇತ್ ಅಂಗಡಿಯಲ್ಲಿ ಕಡೆಸುತ್ತಾರೆ. ಅಲಂಕಾರದ ವಿಷಯದಲ್ಲಿ ಒಮ್ಮತವಿಲ್ಲ. ಸೀಟ್ ಕವರು, ವೀಲ್ ಕಪ್, ಮೇಲಿನ ಕ್ಯಾರಿಯರ್ ಮೊದಲಾದವು ಆ ಕಾಲದವೇ ಆದ್ದರಿಂದ ಒಪ್ಪುತ್ತವೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದು, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಜೋಡಿಸುವುದು ಕೂಡ, ಕಳಚಿದ ಮೂಲ ಭಾಗಗಳನ್ನು ಜೋಪಾನ ಮಾಡಿಟ್ಟಿದ್ದರೆ, ತಪ್ಪೆನಿಸದು. ಆದರೆ ಸ್ಟೀರಿಂಗ್ ಕಂಬದ ಮೇಲಿರುವ ಗೇರ್ ಹಿಡಿಯನ್ನು ಕಿತ್ತು ನೆಲಕ್ಕಿಳಿಸುವುದು, ಹೊಸ ಎಂಜಿನ್ ಕೂರಿಸಲು ಬಾಡಿಯನ್ನೇ ಕತ್ತರಿಸುವುದು ಕಾರಿನ ಸ್ವಭಾವವನ್ನೇ ಕೆಡಿಸುತ್ತವೆ.

ಕಾನೂನು ಈ ವಿಷಯವನ್ನು ಬೇರೊಂದು ಬಗೆಯಲ್ಲಿ ನೋಡುತ್ತದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ಖಾಸಗಿ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮಗಳು ಅವಕಾಶ ನೀಡಿವೆ. ಹಳೆಯ ಡಿಲೈಟ್‌ಗಳು ಈಗಾಗಲೇ ಈ ಮಿತಿಯನ್ನು ದಾಟಿವೆ. ಆದರೆ ಹೀಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ನಿರ್ವಹಣೆ ಮೊದಲಾದ ಕೆಲವೇ ಕಾರಣಗಳಿಗೆ ರಸ್ತೆಗಿಳಿಸಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೂ ಕಚೇರಿಗೂ ಪದ್ಮಿನಿಯಲ್ಲಿಯೇ ಹೋಗಬಯಸುವವರಿಗೆ, ಐದು ವರ್ಷಕ್ಕೊಮ್ಮೆ ಗಾಡಿಯನ್ನು ಸಾರಿಗೆ ಕಚೇರಿಯ ತಪಾಸಣೆಗೆ ಒಪ್ಪಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಉಳಿದಿರುವ ದಾರಿ.