ಟೊಮೇಟೊ ಗಿಡವನ್ನು ಹಿರಿದಾಗಿ ಬೆಳೆಯಿಸುವ ಬಗೆ

ಹಿತ್ತಿಲಿನಲ್ಲಿ ನಾಲ್ಕೇ ಗಿಡಗಳಿಗೆ ಸ್ಥಳವುಳ್ಳ ಗೃಹಿಣಿಗೆ ಒಂದೊಂದು ಗಿಡವೂ ಆಳೆತ್ತರ ಬೆಳೆದು ಬಹುಕಾಲ ಫಲಿಸುವುದು ಅವಶ್ಯವು. ಟೊಮೇಟೊವಿನಲ್ಲಿ ಗಿಡ್ಡಜಾತಿಯು ತುದಿಯಲ್ಲಿ ಹೂಗೊಂಚಲು ಮೂಡಿದೊಡನೆ ಬೆಳೆಯುವುದನ್ನು ನಿಲ್ಲಿಸುವುದು. ಬಳ್ಳಿಜಾತಿಯು ಆರಡಿಯನ್ನು ಮೀರಿ ಏರುತ್ತಲೇ ಇರುವುದು. ಬೀಜ ಕೊಳ್ಳುವಾಗಲೇ ಇದನ್ನು ವಿಚಾರಿಸತಕ್ಕದ್ದು.

ಮುಖ್ಯವಾದ ಗುಟ್ಟು ನೆಡುವುದರಲ್ಲಿದೆ. ಈ ಗಿಡದ ಕಾಂಡವು ಹಸಿಮಣ್ಣನ್ನು ತಾಕಿದಲ್ಲೆಲ್ಲಾ ಬೇರು ಬಿಡುವುದು. ಆದಕಾರಣ ಸಸಿಯ ಕೆಳಗಿನ ಎಲೆಗಳನ್ನು ಚಿವುಟಿ, ಮೇಲಿನ ಕುಡಿಯಷ್ಟೇ ಕಾಣುವಂತೆ ಕಾಂಡವನ್ನು ಹೂಳಬೇಕು. ಆಳವಾಗಿ ಅಗೆಯಲಾಗದಲ್ಲಿ ಓರೆಯಾಗಿ ಮಲಗಿಸಿದರೂ ಸಾಕು, ಕುಡಿಯು ತಾನಾಗಿ ಮೇಲಕ್ಕೆ ಬಾಗುವುದು. ಬೇರು ಹೆಚ್ಚಿದಷ್ಟೂ ಗಿಡವು ನೀರನ್ನೂ ಸಾರವನ್ನೂ ಹೆಚ್ಚಾಗಿ ಹೀರುವುದು.

ಸಾರಜನಕದ ಗೊಬ್ಬರವನ್ನು ಅತಿಯಾಗಿ ಹಾಕಿದರೆ ಎಲೆಯ ಸಂಭ್ರಮವೇ ಹೊರತು ಕಾಯಿಯಿಲ್ಲ. ಕಾಯಿಯ ತಳವು ಕಪ್ಪಾದುದನ್ನು ಕಂಡು ಅನೇಕರು ರೋಗವೆಂದು ಔಷಧ ಸಿಂಪಡಿಸುವರು. ಅದು ರೋಗಾಣುವಿನ ಕೆಲಸವಲ್ಲ. ಒಂದು ದಿನ ಕೆರೆಯಂತೆ ನೀರು, ಮರುದಿನ ಬರಗಾಲ ಎಂಬಂತಾದರೆ ಸುಣ್ಣದಂಶವು ಕಾಯಿಗೆ ಸರಿಯಾಗಿ ತಲುಪದು. ಬುಡಕ್ಕೆ ಹುಲ್ಲು ಹೊದಿಸಿ ತೇವವನ್ನು ಸಮನಾಗಿ ಕಾಯುವುದೇ ಉಪಾಯವು. ಬಳ್ಳಿಜಾತಿಗೆ ಗಟ್ಟಿಯಾದ ಊರುಗೋಲು ಬೇಕೆಂಬುದನ್ನು ಹೇಳಬೇಕಾಗಿಯೇ ಇಲ್ಲ.

ಬಿಳಿನೊಣವು ತರುವ ಎಲೆಮುರುಟು ರೋಗಕ್ಕೆ ಮಾತ್ರ ಆರೈಕೆಯೊಂದೇ ಸಾಲದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ರಕ್ಷಕ್’ ಎಂಬ ಮಿಶ್ರತಳಿಯು ಇದನ್ನೂ, ಸೊರಗುರೋಗ, ಎಲೆಚುಕ್ಕೆ ಅಂಗಮಾರಿಗಳನ್ನೂ ತಡೆದುಕೊಳ್ಳುವುದು. ಅದು ಪೂರ್ಣ ಬಳ್ಳಿಯಲ್ಲ, ಪೂರ್ಣ ಗಿಡ್ಡವೂ ಅಲ್ಲ. ಆದರೂ ಉತ್ತಮ ಸಾಗುವಳಿಯಲ್ಲಿ ಒಂದು ಗಿಡದಿಂದ 18 ಕಿಲೋಗ್ರಾಮಿನವರೆಗೆ ಹಣ್ಣು ದೊರೆತದ್ದುಂಟು. ಅದರ ಹಣ್ಣಿನಿಂದ ತೆಗೆದ ಬೀಜವು ತಾಯಿಗಿಡದ ಗುಣವನ್ನು ತಪ್ಪದೆ ಕೊಡದಾದುದರಿಂದ ಪ್ರತಿ ಬೆಳೆಗೂ ಹೊಸ ಬೀಜವನ್ನೇ ತರಿಸಿಕೊಳ್ಳಬೇಕು.