ಡಬ್ಬಿಯಲ್ಲಿ ಫೋಟೋ ತೆಗೆದದ್ದು



ಕಳೆದ ತಿಂಗಳು ನಮ್ಮ ಶಾಲೆಯಲ್ಲಿ ಎರಡು ದಿನ ಸೂಜಿರಂಧ್ರ ಕ್ಯಾಮೆರಾ ಮಾಡುವ ಕಮ್ಮಟ ನಡೆದದ್ದು ನಿಮಗೆಲ್ಲ ಗೊತ್ತು. ಅದರಲ್ಲಿ ಆರು ಮತ್ತು ಏಳನೇ ತರಗತಿಯವರು ಮಾತ್ರ ಇದ್ದೆವು. ಚಿಕ್ಕವರು ಕಿಟಕಿಯಲ್ಲಿ ಇಣುಕಿ, "ಡಬ್ಬ್ಯಾಗ ಫೋಟೋ ಹೆಂಗ ಬರ್ತದ?" ಎಂದು ಕೇಳುತ್ತಿದ್ದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಅದು ಮುಂದೆ ಬರುತ್ತದೆ.

ಹೋದ ವರ್ಷ ಪ್ರವಾಸದಲ್ಲಿ ಹಂಪಿಗೆ ಹೋಗಿದ್ದೆವಲ್ಲ. ವಿರೂಪಾಕ್ಷ ಗುಡಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ದೊಡ್ಡ ಗೋಪುರ ತಲೆಕೆಳಗಾಗಿ ಕಂಡಿತ್ತು. ಆ ಗೋಪುರ ಸುಮಾರು 50 ಮೀಟರ್ ಎತ್ತರ ಇದೆ. ಅದು ಹೇಗೆ ಒಳಗೆ ಬಂತು ಎಂದು ನಮಗೆ ಆಶ್ಚರ್ಯವಾಗಿತ್ತು. ಕಾರಣ ಏನೆಂದರೆ, ಬೆಳಕು ನೇರವಾಗಿ ಚಲಿಸುತ್ತದೆ. ಗೋಪುರದ ತುದಿಯ ಬೆಳಕು ಸಣ್ಣ ರಂಧ್ರದಲ್ಲಿ ನುಗ್ಗಿ ನೇರ ಕೆಳಕ್ಕೆ ಹೋಗಿ ಬೀಳುತ್ತದೆ. ಬುಡದ ಬೆಳಕು ಮೇಲಕ್ಕೆ ಹೋಗುತ್ತದೆ. ಅದಕ್ಕೇ ಚಿತ್ರ ಉಲ್ಟಾ. ಸುಮಾರು ಸಾವಿರ ವರ್ಷದ ಹಿಂದೆಯೇ ಇಬ್ನ್ ಅಲ್ ಹೇಥಮ್ ಎಂಬ ವಿಜ್ಞಾನಿ ರಂಧ್ರದ ಮೂಲಕ ಬರುವ ಬೆಳಕಿನ ಬಗ್ಗೆ ಬರೆದಿದ್ದರು. ನಮ್ಮ ಬೇವಿನ ಮರದ ಕೆಳಗೆ ಬೀಳುವ ದುಂಡು ದುಂಡು ಬಿಸಿಲು ಕೂಡ ಹೀಗೇ. ಎಲೆಗಳ ಸಂದಿ ರಂಧ್ರ, ಕೆಳಗೆ ಬಿದ್ದದ್ದು ಸೂರ್ಯನ ಚಿತ್ರ.

ಬೇಕಾಗುವ ಸಾಮಾನು: ಮುಚ್ಚಳ ಗಟ್ಟಿಯಾಗಿರುವ ತಗಡಿನ ಡಬ್ಬಿ, ಕಪ್ಪು ಬಣ್ಣ, ತಂಪು ಪಾನೀಯದ ಡಬ್ಬಿಯ ಒಂದು ತುಂಡು ತಗಡು, ಸಣ್ಣ ಸೂಜಿ, ಕಪ್ಪು ಟೇಪು, ಫೋಟೋ ಕಾಗದ.

ಮಾಡುವ ವಿಧಾನ: ಡಬ್ಬಿಯ ಒಳಗೆಲ್ಲ ಕಪ್ಪು ಬಣ್ಣ ಬಳಿಯಬೇಕು. ಇಲ್ಲದಿದ್ದರೆ ಒಳಗೆ ಬೆಳಕು ಪ್ರತಿಫಲಿಸುತ್ತದೆ. ಡಬ್ಬಿಯ ಪಕ್ಕಕ್ಕೆ ಮೊಳೆಯಿಂದ ದೊಡ್ಡ ತೂತು ಹೊಡೆದು, ಅದರ ಮೇಲೆ ಸೂಜಿಯಿಂದ ಚುಚ್ಚಿದ ತಗಡಿನ ತುಂಡನ್ನು ಟೇಪಿನಿಂದ ಅಂಟಿಸಬೇಕು. ಸೂಜಿಯ ತೂತು ಅರ್ಧ ಮಿಲಿಮೀಟರ್ ಇದ್ದರೆ ಸಾಕು. ದೊಡ್ಡದಾದರೆ ಚಿತ್ರ ಮಸುಕು. ಆಮೇಲೆ ಕೆಂಪು ಬಲ್ಬಿನ ಕೋಣೆಯಲ್ಲಿ ರಂಧ್ರದ ಎದುರಿಗೆ ಕಾಗದ ಇಟ್ಟು ಮುಚ್ಚಳ ಹಾಕಬೇಕು. ಈ ಕಾಗದಕ್ಕೆ ಕೆಂಪು ಬೆಳಕು ತಾಗಿದರೆ ಏನೂ ಆಗುವುದಿಲ್ಲ.

ಡಬ್ಬಿಯನ್ನು ಕಲ್ಲಿನ ಮೇಲೆ ಅಲುಗಾಡದಂತೆ ಇಟ್ಟು, ರಂಧ್ರದ ಮೇಲಿನ ಟೇಪು ಎತ್ತಿ, ಎಣಿಸಬೇಕು. ನಮ್ಮ ಡಬ್ಬಿಗೆ ಒಳ್ಳೆ ಬಿಸಿಲಿದ್ದರೆ 40 ಸೆಕೆಂಡು, ಮೋಡ ಇದ್ದರೆ ಎರಡು ಮೂರು ನಿಮಿಷ. ಮಗ್ಗಿ ಹೇಳಿದ ಹಾಗೆ ಎಲ್ಲರೂ ಒಟ್ಟಿಗೆ ಎಣಿಸಿದೆವು. ಮತ್ತೆ ಕೆಂಪು ಬೆಳಕಿನಲ್ಲಿ ಕಾಗದವನ್ನು ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ನಿಧಾನಕ್ಕೆ ಚಿತ್ರ ಮೂಡುತ್ತದೆ. ಅದನ್ನು ನೋಡುವಾಗ ಯಾರೂ ಮಾತಾಡಲಿಲ್ಲ! ಕಾಗದದ ಮೇಲೆ ಬೆಳ್ಳಿಯ ಲವಣ ಇರುತ್ತದೆ. ಬೆಳಕು ಬಿದ್ದಲ್ಲಿ ಅದು ಕಪ್ಪಾಗುತ್ತದೆ. ಹಾಗಾಗಿ ಆಕಾಶ ಕಪ್ಪು, ನೆರಳು ಬಿಳಿ. ಇದು ನೆಗೆಟಿವ್. ಕೊನೆಗೆ ಫಿಕ್ಸರ್‌ನಲ್ಲಿ ಇಟ್ಟು ನೀರಿನಲ್ಲಿ ತೊಳೆಯಬೇಕು.

ಈಗ ಇನ್ನೊಂದು ಕಾರಣ. ಒಂದು ಡಬ್ಬಿಗೆ ಇಬ್ಬರು, ಇಬ್ಬರಿಗೆ ಎರಡೇ ಕಾಗದ. ನಾನು ಮತ್ತು ನನ್ನ ಬೆಂಚಿನ ಗೆಳೆಯ ಜೊತೆ. ಮೊದಲನೇ ಕಾಗದದಲ್ಲಿ ಶಾಲೆ ಅರ್ಧ ಬಂತು, ಇನ್ನರ್ಧ ದೊಡ್ಡ ಕಪ್ಪು ಮಚ್ಚೆ. ನಾನು ನೀರು ಕುಡಿಯಲು ಹೋಗಿದ್ದಾಗ ಡಬ್ಬಿ ಅವನ ಕೈಯಲ್ಲಿತ್ತು. "ನೀನೇ ಮುಚ್ಚಳ ತಗದು ನೋಡೀದಿ" ಎಂದು ಎಲ್ಲರ ಮುಂದೆ ಬೈದೆ. "ನಾ ತಗದಿಲ್ಲಲೇ" ಎಂದ. ನಾನು ನಂಬಲಿಲ್ಲ. ಮರುದಿನ ಅವನು ಬೇರೆ ಬೆಂಚಿಗೆ ಹೋಗಿ ಕುಳಿತ.

ವಿಜ್ಞಾನದ ಸರ್ ಕಾಗದ ನೋಡಿ, "ಮುಚ್ಚಳ ತೆಗೆದಿದ್ದರೆ ಪೂರ್ತಿ ಕಪ್ಪಾಗಬೇಕಿತ್ತು. ಇದು ಒಂದೇ ಕಡೆ ಯಾಕೆ ಆಗಿದೆ, ಯೋಚನೆ ಮಾಡು" ಎಂದರು. ಕತ್ತಲೆ ಕೋಣೆಯಲ್ಲಿ ಡಬ್ಬಿಯೊಳಗೆ ಸಣ್ಣ ಟಾರ್ಚು ಹಚ್ಚಿಟ್ಟು ಮುಚ್ಚಳ ಹಾಕಿಸಿದರು. ಬೆಳಕು ಎರಡು ಕಡೆಯಿಂದ ಹೊರಗೆ ಬಂತು! ಒಂದು ಸೂಜಿ ತೂತು. ಇನ್ನೊಂದು, ಮೊದಲು ನಾನೇ ತಪ್ಪು ಜಾಗದಲ್ಲಿ ಹೊಡೆದ ಮೊಳೆ ತೂತು. ಟೇಪು ಉಳಿಸಲು ಅದಕ್ಕೆ ನೋಟುಬುಕ್ಕಿನ ಕಾಗದ ಅಂಟಿಸಿ ಯಾರಿಗೂ ಹೇಳಿರಲಿಲ್ಲ. ಅಂಟು ಒಣಗಿ ಒಂದು ಮೂಲೆ ಎದ್ದಿತ್ತು. ಮಚ್ಚೆ ಇದ್ದದ್ದು ಸರಿಯಾಗಿ ಅದರ ಎದುರಿಗೇ.

ನನಗೆ ತುಂಬಾ ನಾಚಿಕೆಯಾಯಿತು. ತೂತಿಗೆ ಕಪ್ಪು ಟೇಪು ಸುತ್ತಿ, ಡಬ್ಬಿ ತಂದು ಅವನ ಮುಂದೆ ಇಟ್ಟು, "ಈ ಕಾಗದ ನಿಂದು, ನೀನೇ ತೆಗಿ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಎಣಸು, ನಾ ಕುಂದರ್ತೀನಿ" ಎಂದು ಧ್ವಜದ ಕಟ್ಟೆಯ ಮೇಲೆ ಹೋಗಿ ಕುಳಿತ. ನಲವತ್ತು ಎಣಿಸುವವರೆಗೆ ಅಲುಗಾಡಲಿಲ್ಲ. ನಡುವೆ ಮೂರನೇ ತರಗತಿಯವರು ಮುಂದೆ ಓಡಿ ಹೋದರು. ಅವರು ಯಾರೂ ಫೋಟೋದಲ್ಲಿ ಬಂದಿಲ್ಲ, ಏಕೆಂದರೆ ಒಂದೇ ಜಾಗದಲ್ಲಿ ನಿಲ್ಲದವರ ಬೆಳಕು ಕಾಗದಕ್ಕೆ ಸಾಲುವುದಿಲ್ಲ. ಅವನು ಮಾತ್ರ ಬಂದಿದ್ದಾನೆ.

ಆ ನೆಗೆಟಿವ್ ಅನ್ನು ಹೊಸ ಕಾಗದದ ಮೇಲೆ ಮುಖಕ್ಕೆ ಮುಖ ಇಟ್ಟು, ಗಾಜು ಒತ್ತಿ, ಕ್ಷಣ ಹೊತ್ತು ಬೆಳಕು ಕೊಟ್ಟು ಮಾಡಿದ ಫೋಟೋವನ್ನು ಇದರ ಪಕ್ಕದಲ್ಲಿ ಅಂಟಿಸಿದ್ದೇವೆ. ನೋಡಿ. ಬೈದದ್ದು ಎಲ್ಲರ ಮುಂದೆ, ಅದಕ್ಕೆ ತಪ್ಪು ನನ್ನದು ಎಂಬುದನ್ನೂ ಎಲ್ಲರೂ ಓದುವ ಕಡೆ ಬರೆದಿದ್ದೇನೆ.

ನೀವೂ ಮಾಡಿ. ಫೋಟೋ ಕಾಗದ ಸಿಗದಿದ್ದರೆ ರಟ್ಟಿನ ಡಬ್ಬಿಗೆ ಒಂದು ಕಡೆ ಸೂಜಿ ತೂತು, ಎದುರಿಗೆ ಎಣ್ಣೆ ಸವರಿದ ತೆಳು ಕಾಗದ ಹಾಕಿ, ತಲೆ ಮೇಲೆ ಕಂಬಳಿ ಹೊದ್ದು ಬಿಸಿಲಲ್ಲಿರುವ ಮರ ನೋಡಿ. ಸೂರ್ಯನ ಕಡೆ ಮಾತ್ರ ನೋಡಬೇಡಿ. ಟಾರ್ಚಿನ ಪರೀಕ್ಷೆ ಮೊದಲೇ ಮಾಡಿಕೊಳ್ಳಿ.

ಏಳನೇ ತರಗತಿ